"ಮಾಡೋಣ ಬನ್ನಿ" ಅಂದರೆ ಬುಕಿಂಗ್ ಆಯ್ತು ಅಂತಲ್ಲ

ನಾನು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತೇನೆ. ಬುಕಿಂಗ್ ನೋಡಿಕೊಳ್ಳೋದೂ ನಾನೇ. ಶೋ ಕ್ಯಾನ್ಸಲ್ ಆದರೆ ಎಲ್ಲರಿಗಿಂತ ಜಾಸ್ತಿ ಸಾಮಾನು ಹೊತ್ತು ವಾಪಸ್ ಬರೋನು ನಾನಲ್ವಾ, ಅದಕ್ಕೆ.

ಒಂದು ಶನಿವಾರ ಸಂಜೆ, ಒಂದು ಕೈಯಲ್ಲಿ ಸ್ನೇರ್ ಡ್ರಮ್, ಹೆಗಲಲ್ಲಿ ಸಿಂಬಲ್ ಬ್ಯಾಗು ಹಾಕಿಕೊಂಡು ಶೋ ಇದ್ದ ಜಾಗದ ಒಳಗೆ ಹೋದೆ. ನಾವು ನಿಲ್ಲಬೇಕಾದ ಜಾಗದಲ್ಲಿ ದೊಡ್ಡ ಪರದೆ ಕಟ್ಟುತ್ತಿದ್ದರು. "ಓ, ನಿಮಗೆ ಯಾರೂ ಹೇಳ್ಲಿಲ್ವಾ? ಇವತ್ತು ಮ್ಯಾಚ್ ಹಾಕ್ತಿದೀವಿ" ಎಂದರು ಮಾಲೀಕರು. ಮುಖದಲ್ಲಿ ಒಂಚೂರು ಮುಜುಗರ ಇಲ್ಲ. ಯಾಕಿರಬೇಕು? ನಮ್ಮ ಕೈಯಲ್ಲಿದ್ದದ್ದು ಫೋನಿನಲ್ಲಿ ಅವರು ಹೇಳಿದ್ದ "ಮಾಡೋಣ ಬನ್ನಿ" ಅನ್ನೋ ಮಾತೊಂದೇ. ನಮ್ಮನ್ನು ಕೈಬಿಟ್ಟರೆ ಅವರಿಗೆ ಬಿಡಿಗಾಸೂ ನಷ್ಟವಿರಲಿಲ್ಲ.

ಆವತ್ತಿನಿಂದ ನನ್ನ ಲೆಕ್ಕ ಒಂದೇ. ಕ್ಯಾನ್ಸಲ್ ಮಾಡಿದರೆ ಅವರ ಜೇಬಿಗೂ ಸ್ವಲ್ಪ ಬಿಸಿ ತಟ್ಟಬೇಕು.

ಮೊದಲು ಕೇಳಬೇಕಾದ ಪ್ರಶ್ನೆ: "ಇದು ಹೋಲ್ಡಾ, ಕನ್ಫರ್ಮಾ?" ಹೋಲ್ಡ್ ಅಂದರೆ ಆ ತಾರೀಕಿನ ಮುಂದೆ ನಿಮ್ಮ ಹೆಸರು ಪೆನ್ಸಿಲಿನಲ್ಲಿ ಬರೆದಿದ್ದಾರೆ, ಅಷ್ಟೇ. ಅದೇ ತಾರೀಕಿಗೆ ಇನ್ನೂ ಎರಡು ಬ್ಯಾಂಡಿನ ಹೆಸರು ಇರಬಹುದು. ನಿಮ್ಮದು ಎಷ್ಟನೇ ಹೋಲ್ಡ್ ಅಂತ ಕೇಳೋಕೆ ನಾಚಿಕೆ ಬೇಡ. ಎರಡನೆಯದು ಅಂದರೆ, ಮೊದಲನೆಯವರು ಯಾವತ್ತಿನೊಳಗೆ ಹೇಳುತ್ತಾರೆ ಅಂತಲೂ ಕೇಳಿಬಿಡಿ. ಕನ್ಫರ್ಮ್ ಆಗೋ ತನಕ ಪೋಸ್ಟರ್ ಮಾಡಬೇಡಿ.

ಮಾತು ಮುಗಿದ ಅರ್ಧ ಗಂಟೆಯೊಳಗೆ ನಾನು ಒಂದು ಮೆಸೇಜ್ ಹಾಕುತ್ತೇನೆ. ಹೆಚ್ಚುಕಮ್ಮಿ ಹೀಗಿರುತ್ತೆ:

"ಸಾರ್, ಮಾತಾಡಿದ ಹಾಗೆ 14ನೇ ತಾರೀಕು ಶನಿವಾರ. 5ಕ್ಕೆ ಸಾಮಾನು ಇಳಿಸ್ತೀವಿ, 6ಕ್ಕೆ ಸೌಂಡ್ ಚೆಕ್, 8ರಿಂದ 9:30 ಶೋ. ಸ್ಪೀಕರ್, ಮಿಕ್ಸರ್, ಮೈಕು ನಿಮ್ಮದು. ಡ್ರಮ್ಸ್, ಆಂಪ್ ನಮ್ಮದು. ಅರ್ಧ ಹಣ ಈಗ, ಉಳಿದದ್ದು ಶೋ ಮುಗಿದ ತಕ್ಷಣ. ಕೊನೆಯ 7 ದಿನದಲ್ಲಿ ನೀವು ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸ್ ವಾಪಸ್ ಇಲ್ಲ, ಕೊನೆಯ 2 ದಿನದಲ್ಲಾದರೆ ಪೂರ್ತಿ ಹಣ. ನಾವೇ ಕೈಕೊಟ್ಟರೆ ಅಡ್ವಾನ್ಸ್ ಪೂರ್ತಿ ವಾಪಸ್. ಸರಿ ಇದ್ದರೆ ಒಂದು ಓಕೆ ಹಾಕಿ."

ಆ "ಓಕೆ" ಬರಲೇಬೇಕು. ನೀಲಿ ಟಿಕ್ ಉತ್ತರ ಅಲ್ಲ. ಕೊನೆಯ 2 ದಿನದ ಪೂರ್ತಿ ಹಣ ಕೈಗೆ ಸಿಗುತ್ತೆ ಅಂತ ನಾನೂ ನಂಬಿಲ್ಲ, ನಿಜ ಹೇಳಬೇಕಂದ್ರೆ ಒಮ್ಮೆಯೂ ಸಿಕ್ಕಿಲ್ಲ. ಆದರೂ ಆ ಸಾಲು ಇದ್ದರೆ ಕ್ಯಾನ್ಸಲ್ ಮಾಡೋರು ಹತ್ತು ದಿನ ಮೊದಲೇ ಫೋನ್ ಮಾಡುತ್ತಾರೆ. ನಮಗೆ ಬೇಕಾದ್ದೂ ಅದೇ. ಹತ್ತು ದಿನದಲ್ಲಿ ಬೇರೆ ಜಾಗ ಹುಡುಕಬಹುದು, ಎರಡು ಗಂಟೆಯಲ್ಲಿ ಆಗಲ್ಲ.

ಅರ್ಧ ಅಡ್ವಾನ್ಸ್ ಕೊಡಲ್ಲ ಅಂದರೆ ಕಾಲು ಭಾಗ ಕೇಳಿ. ಅದೂ ಇಲ್ಲ, "ಗೇಟ್ ಕಲೆಕ್ಷನ್‌ನಲ್ಲಿ ಪಾಲು ತಗೊಳ್ಳಿ" ಅಂದರೆ, ಪಾಲು ಯಾವುದರ ಮೇಲೆ ಅಂತ ಮೊದಲು ಬಿಡಿಸಿಕೊಳ್ಳಿ. ಶೇ 70 ನಿಮಗೆ ಅಂತಾರೆ, ಆಮೇಲೆ ಸೌಂಡ್ ಎಂಜಿನಿಯರ್ ಖರ್ಚು, ಪೋಸ್ಟರ್ ಖರ್ಚು ಎಲ್ಲಾ ಕಳೆದು ಉಳಿದದ್ದರಲ್ಲಿ ಶೇ 70 ಅಂತಾರೆ. ಬಾಗಿಲಲ್ಲಿ ನಮ್ಮ ಕಡೆಯವರೊಬ್ಬರು ತಲೆ ಎಣಿಸಲಿ. ಟಿಕೆಟ್ ನೀವೇ ಮಾರಿ, ಉಳಿದರೆ ನೀವೇ ದುಡ್ಡು ತುಂಬಿ ಅನ್ನೋ ಜಾಗಕ್ಕೆ ನಾವಂತೂ ಹೋಗಲ್ಲ.

ಇನ್ನೊಂದು, ಕ್ಯಾನ್ಸಲ್ ಅಂತ ಯಾರೂ ಹೇಳದಿದ್ದರೂ ಸೌಂಡ್ ಸಿಸ್ಟಮ್ ಸಾಲದೆ ಶೋ ಕ್ಯಾನ್ಸಲ್ ಆದ ಹಾಗೇ ಆಗೋದುಂಟು. ಚಾನೆಲ್ ಅಂದರೆ ಮಿಕ್ಸರಿಗೆ ಒಂದೊಂದು ಮೈಕು ಅಥವಾ ವಾದ್ಯ ಸೇರಿಸೋ ಜಾಗ. ನಮಗೆ ಬೇಕಾದದ್ದು 12: ಕಿಕ್ ಡ್ರಮ್, ಸ್ನೇರ್, ಡ್ರಮ್ಸಿನ ಮೇಲೆ ನಿಲ್ಲಿಸೋ ಎರಡು ಮೈಕು ಅಂದರೆ ಓವರ್‌ಹೆಡ್, ಬೇಸ್, ಎರಡು ಗಿಟಾರ್, ಕೀಬೋರ್ಡಿಗೆ ಎರಡು, ಹಾಡೋರಿಗೆ ಮೂರು. ಒಂದು ಕಡೆ "ಸಿಸ್ಟಮ್ ಎಲ್ಲಾ ಇದೆ ಬ್ರೋ" ಅಂದಿದ್ದರು. ಹೋಗಿ ನೋಡಿದರೆ 8 ಚಾನೆಲ್ಲಿನ ಮಿಕ್ಸರ್, ಅದರಲ್ಲೂ ಎರಡು ಸತ್ತಿದ್ದವು. ಡ್ರಮ್ಸಿಗೆ ಮೈಕೇ ಇಲ್ಲದೆ ಬಾರಿಸಿದೆ. ಈಗ ಚಾನೆಲ್ ಪಟ್ಟಿ, ಯಾರು ಎಲ್ಲಿ ನಿಲ್ಲುತ್ತಾರೆ ಅನ್ನೋ ಚಿತ್ರ ಎರಡನ್ನೂ ಮೊದಲೇ ಕಳಿಸಿ, ಮಿಕ್ಸರಿನ ಫೋಟೋ ವಾಪಸ್ ಕೇಳುತ್ತೇನೆ. ಓವರ್‌ಹೆಡ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮಿಕ್ಸರಿನಿಂದ ಕೇಬಲ್ಲಿನಲ್ಲೇ ಮೈಕಿಗೆ ಹೋಗೋ ಕರೆಂಟು) ಬೇಕು, ಆ ಬಟನ್ ಇದೆಯಾ ಅಂತ ಫೋಟೋದಲ್ಲೇ ಗೊತ್ತಾಗುತ್ತೆ. ಫೋಟೋ ಕಳಿಸೋಕೆ ನಾಲ್ಕು ದಿನ ತಗೊಳ್ಳೋರ ಮೇಲೆ ನನಗೆ ಅಲ್ಲೇ ಅನುಮಾನ.

ಆಮೇಲೆ ಎರಡು ವಾರ ಮುಂಚೆ ಒಂದು ಫೋನ್, ಒಂದು ವಾರಕ್ಕೆ ಇನ್ನೊಂದು, ಎರಡು ದಿನ ಇರುವಾಗ ಮತ್ತೊಂದು. "ಶೋ ಇದೆ ತಾನೆ?" ಅಂತ ಕೇಳಬೇಡಿ, "ಇದೆ ಇದೆ" ಅಂತಾರೆ. "ಸಾಮಾನು ಇಳಿಸೋಕೆ ಹಿಂದಿನ ಬಾಗಿಲಾ, ಮುಂದಿನದಾ? ಕೀ ಯಾರ ಹತ್ತಿರ?" ಅಂತ ಕೇಳಿ. ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ಒಂದು ವಾರ ಇರುವಾಗಲೂ ಅವರ ಪೇಜಿನಲ್ಲಿ ನಿಮ್ಮ ಪೋಸ್ಟರ್ ಕಾಣದಿದ್ದರೂ ಅಷ್ಟೇ.

ಇಷ್ಟೆಲ್ಲಾ ಆದಮೇಲೂ ಕ್ಯಾನ್ಸಲ್ ಆಯ್ತು ಅನ್ನಿ. ಅಲ್ಲೇ ಜಗಳ ಬೇಡ. ನಮ್ಮ ಗಿಟಾರಿಸ್ಟ್ ಒಮ್ಮೆ ಕೂಗಾಡಿದ, ಅಡ್ವಾನ್ಸಿನ ಮಾತು ಅಲ್ಲಿಗೇ ಸತ್ತಿತು. "ಮೆಸೇಜಿನಲ್ಲಿ ಒಂದು ಸಾಲು ಹಾಕಿಬಿಡಿ ಸಾರ್, ಹುಡುಗರಿಗೆ ತೋರಿಸಬೇಕು" ಅಂತ ಹೇಳಿ. ಕ್ಯಾನ್ಸಲ್ ಮಾಡಿದ್ದು ಯಾರು ಅನ್ನೋದು ಬರಹದಲ್ಲಿ ಬಂತು. ಆಮೇಲೆ ವ್ಯಾನು, ಬಾಡಿಗೆ ಸಾಮಾನಿನ ಬಿಲ್ಲು ಕಳಿಸಿ, ಇನ್ನೊಂದು ತಾರೀಕು ಕೇಳಿ. ಆ ತಾರೀಕಿಗೆ ಅಡ್ವಾನ್ಸ್ ಪೂರ್ತಿ ಇರಲಿ, ಅರ್ಧ ಅಲ್ಲ.

ಕೇಳೋಕೆ ಬರೋರಿಗೆ ತಕ್ಷಣ ತಿಳಿಸಿ. ಬೈಗುಳ ಬೇಡ, "ಇವತ್ತಿನ ಶೋ ಇಲ್ಲ, ಟಿಕೆಟ್ ಹಣ ಹೀಗೆ ವಾಪಸ್" ಅಂದರೆ ಸಾಕು. ದೂರದಿಂದ ಬಂದು ಬೀಗ ನೋಡಿದವರು ಮಾಲೀಕರನ್ನಲ್ಲ, ನಮ್ಮನ್ನೇ ಬೈಯೋದು.

ನಾವೂ ಒಮ್ಮೆ ಕೈಕೊಟ್ಟಿದ್ದೇವೆ. ಹಾಡುವವಳ ಗಂಟಲು ಹಿಂದಿನ ದಿನ ಪೂರ್ತಿ ಕೂತುಹೋಯ್ತು. ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದೆ, ಆಮೇಲೆ ಅಡ್ವಾನ್ಸ್ ವಾಪಸ್ ಹಾಕಿದೆ, ನಮ್ಮ ಬದಲು ಬರೋಕೆ ಒಪ್ಪಿದ ಇನ್ನೊಂದು ಬ್ಯಾಂಡಿನ ನಂಬರೂ ಕೊಟ್ಟೆ. ಆ ಮಾಲೀಕರು ಮುಂದಿನ ತಿಂಗಳು ತಾವಾಗಿಯೇ ಕರೆದರು. ಅಡ್ವಾನ್ಸ್ ಕೇಳೋ ಮೊದಲೇ ಬಂದಿತ್ತು.