ಕೂಲರ್ ಆಫ್ ಮಾಡಿ ತಿಮಿಂಗಿಲದ ಹಾಡು ಹಿಡಿದದ್ದು: ನನ್ನ ಅನುಭವ

"2 ಕಿಲೋಹರ್ಟ್ಸ್ ಫೈಲಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದ ಹಾಡು ಹುಡುಕುತ್ತೀಯಾ? ಸುಮ್ನೆ ಟೈಮ್ ವೇಸ್ಟ್" ಅಂತ ಮೂರು ಜನ ಹೇಳಿದ್ದರು. ಇಬ್ಬರಂತೂ ನನಗಿಂತ ಜಾಸ್ತಿ ಓದಿದವರು. ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಲೆಕ್ಕವೇನೂ ತಪ್ಪಿರಲಿಲ್ಲ. 2 ಕಿಲೋಹರ್ಟ್ಸ್ ಫೈಲು ಅಂದರೆ ಸದ್ದನ್ನು ಸೆಕೆಂಡಿಗೆ ಎರಡು ಸಾವಿರ ಸಲ ಅಳೆದಿಟ್ಟದ್ದು; ಅದರಲ್ಲಿ ಅರ್ಧಕ್ಕಿಂತ, ಅಂದರೆ 1 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರವೆಲ್ಲ ಹೋಗಿರುತ್ತದೆ. ಹಾಡಿನ ಕಿರುಚು, ಸಿಳ್ಳೆ ಎಷ್ಟೋ ಅದರ ಮೇಲೆಯೇ ಇರುತ್ತವೆ. ಆದರೆ ನನ್ನ ಕಷ್ಟ ಬೇರೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ, ಸುಮಾರು 900 ಮೀಟರ್ ಆಳದಲ್ಲಿ, ಎಂಬಾರಿ (MBARI) ಅನ್ನೋ ಸಮುದ್ರ ಸಂಶೋಧನಾ ಸಂಸ್ಥೆಯ ಹೈಡ್ರೋಫೋನ್ (ನೀರೊಳಗಿನ ಮೈಕ್) 2015ರಿಂದ ಕೇಳುತ್ತಾ ಕೂತಿದೆ. ರೆಕಾರ್ಡಿಂಗ್ ಪುಕ್ಕಟೆ. ಆದರೆ 16 ಕಿಲೋಹರ್ಟ್ಸ್‌ನ ಒಂದು ದಿನದ ಫೈಲು 4 ಜಿಬಿ ದಾಟುತ್ತದೆ, 2 ಕಿಲೋಹರ್ಟ್ಸ್‌ನದು ಅರ್ಧ ಜಿಬಿ. ಕಲಬುರಗಿಯ ಜೇವರ್ಗಿ ರಸ್ತೆಯಲ್ಲಿ ಬಾಡಿಗೆ ಮನೆ, ಅತಿಥಿ ಉಪನ್ಯಾಸಕನ ಸಂಬಳ, ಅದೂ ಮೂರು ತಿಂಗಳಿಗೊಮ್ಮೆ. ನಾನು ಯಾವುದನ್ನು ಆರಿಸಬೇಕು ನೀವೇ ಹೇಳಿ.

ಹಾಡನ್ನು ಕಂಪ್ಯೂಟರಿನಿಂದಲೇ ಹುಡುಕಿಸಬೇಕು ಅಂತ ಹೊರಟೆ. ಮೊದಲ ಪ್ರಯತ್ನ, ಸದ್ದಿನ ಶಕ್ತಿ ಅಳೆಯೋದು. ಹಡಗು ಬಂದರೂ ತಿಮಿಂಗಿಲ, ಹಡಗು ಹೋದರೂ ತಿಮಿಂಗಿಲ ಅನ್ನುತ್ತಿತ್ತು. ಬಿಟ್ಟೆ.

ಎರಡನೆಯದು, ಹಂಪ್‌ಬ್ಯಾಕ್ ಸದ್ದು ಗುರುತಿಸಲು ಮೊದಲೇ ಕಲಿಸಿಟ್ಟ ರೆಡಿಮೇಡ್ ಮಾಡೆಲ್. ಅದಕ್ಕೆ 10 ಕಿಲೋಹರ್ಟ್ಸ್ ಆಡಿಯೋ ಬೇಕು, ಹಾಗಾಗಿ ದೊಡ್ಡ ಫೈಲನ್ನೇ ಇಳಿಸಬೇಕಾಯಿತು. ನನ್ನ ಹಳೇ 8 ಜಿಬಿ ಮಷೀನಿನಲ್ಲಿ ಒಂದು ದಿನದ ಫೈಲಿಗೆ ಒಂದು ರಾತ್ರಿ ಸಾಲದು. ಏಪ್ರಿಲ್ ಬಂತು, ಮಷೀನು ಕಾದು ತಾನೇ ಆಫ್ ಆಗತೊಡಗಿತು. ನಾನು ಜಾಣ, ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಕೂಲರ್ ಮುಂದೆ ಇಟ್ಟೆ. ಹತ್ತು ದಿನ ಚೆನ್ನಾಗಿ ಓಡಿತು, ಹನ್ನೊಂದನೇ ದಿನ ಮದರ್‌ಬೋರ್ಡ್ ಹೋಯಿತು. ಬಿಚ್ಚಿ ನೋಡಿದರೆ ರ‍್ಯಾಮ್ ಸ್ಲಾಟಿನ ಪಕ್ಕ ಹಸಿರು ಕಿಲುಬು. ಕೂಲರ್ ಗಾಳಿಯಲ್ಲಿ ನೀರಿರುತ್ತದೆ ಅನ್ನೋದು ಇದೇ ಊರಲ್ಲಿ ಹುಟ್ಟಿದವನಿಗೆ ಹೊಳೆಯಲಿಲ್ಲ! ಆರೋ ಏಳೋ ಸಾವಿರ ಕೈಬಿಟ್ಟಿತು. ಮನೆಯಲ್ಲಿ ಇನ್ನೂ ನಾಲ್ಕು ಅಂತಲೇ ಹೇಳಿದ್ದೇನೆ.

ಆಮೇಲೆ ಕಿವಿಯಿಂದಲೇ ಕೇಳಿ ಗುರುತು ಹಾಕಲು ಕೂತೆ. ಅಲ್ಲೂ ಕೂಲರ್ ಕಾಟ. ಅದು ಓಡುತ್ತಿದ್ದರೆ ತಗ್ಗಿನ ನರಳಾಟ ಹೆಡ್‌ಫೋನಿನಲ್ಲಿ ಮುಳುಗಿಹೋಗುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು, ಕೂಲರ್, ಫ್ಯಾನ್ ಎರಡೂ ಬಂದ್ ಮಾಡಿ, ಬೆವರು ಒರೆಸಿಕೊಳ್ಳುತ್ತಾ ಕೇಳುತ್ತಿದ್ದೆ. ಒಂದು ಉಪಾಯ ಹೇಳುತ್ತೇನೆ: ಎರಡು ಪಟ್ಟು ವೇಗದಲ್ಲಿ, ಸ್ವರ ಸರಿಮಾಡದೆ ಹಾಗೇ ಬಿಡಿ. 150 ಹರ್ಟ್ಸ್ 300 ಆಗುತ್ತದೆ, ಐನೂರು ರೂಪಾಯಿ ಹೆಡ್‌ಫೋನಿನಲ್ಲೂ ಕೇಳುತ್ತದೆ. ಟೈಮೂ ಉಳಿಯಿತು ಅಲ್ವಾ?

ಹೀಗಿರುವಾಗ ಊರಿಂದ ಕಾಕಾ ಬಂದರು. ತತ್ವಪದ ಹಾಡುವವರು, ರಾತ್ರಿಯೆಲ್ಲ ಭಜನೆಗೆ ಕೂತು ಅಭ್ಯಾಸ. ತಮಾಷೆಗೆ ಹೆಡ್‌ಫೋನ್ ಹಾಕಿದೆ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರು. "ತಮ್ಮಾ, ಇದು ಹೊಳ್ಳಿ ಹೊಳ್ಳಿ ಪಲ್ಲವಿಗೇ ಬರ್ಲಾಕತ್ತದಲ್ಲೋ" ಅಂದರು.

ಹಂಪ್‌ಬ್ಯಾಕ್ ಹಾಡನ್ನು ಅಧ್ಯಯನ ಮಾಡಿದ ರೋಜರ್ ಪೇನ್, ಸ್ಕಾಟ್ ಮೆಕ್‌ವೇ 1971ರಲ್ಲಿ ಬರೆದದ್ದೂ ಇದನ್ನೇ. ನಾನೇ ಅದನ್ನು ನಾಲ್ಕು ಜನಕ್ಕೆ ವಿವರಿಸಿದವನು. ಕೋಡಿನಲ್ಲಿ ಮಾತ್ರ ಹಾಕಿರಲಿಲ್ಲ!

ಅಂದಿನಿಂದ ಸದ್ದು ಹುಡುಕೋದು ಬಿಟ್ಟು, ಮರಳಿ ಬರೋದನ್ನು ಹುಡುಕಿದೆ. ಸ್ಪೆಕ್ಟ್ರೋಗ್ರಾಮ್ ಅಂದರೆ ಯಾವ ಹೊತ್ತಿಗೆ ಯಾವ ಸ್ವರ ಅಂತ ತೋರಿಸುವ ಚಿತ್ರ. ಅದಕ್ಕೆ ಪಿಸಿಇಎನ್ (ಒಂದೇ ಸಮನೆ ಇರುವ ಹಿನ್ನೆಲೆ ಸದ್ದನ್ನು ತಗ್ಗಿಸುವ ವಿಧಾನ) ಹಾಕಿ, ಅದನ್ನು ಅದರ ಮೇಲೆಯೇ ಸರಿಸಿ ಹೋಲಿಸೋದು, ಅಷ್ಟೇ. ಹಡಗಿನ ಪ್ರೊಪೆಲ್ಲರೂ ತಿರುಗಿ ಬರುತ್ತದೆ, ಆದರೆ ಸೆಕೆಂಡಿನ ಒಳಗೆ. ಸತಾಯಿಸಿದ್ದು ಫಿನ್ ತಿಮಿಂಗಿಲ. ಅದರ 20 ಹರ್ಟ್ಸ್ ಬಡಿತ ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಬಂದು, ಥೇಟ್ ಹಾಡಿನ ಹಾಗೆ ಮೋಸ ಮಾಡುತ್ತದೆ. 100 ಹರ್ಟ್ಸ್ ಕೆಳಗಿನದನ್ನೆಲ್ಲ ಕತ್ತರಿಸಿ ಎಸೆದೆ. ಒಮ್ಮೆಗೆ ಹೋಲಿಸುವ ತುಣುಕು ಎಷ್ಟು ಸೆಕೆಂಡಿನದು, ಎಷ್ಟು ಸಲ ಮರಳಿದರೆ ಹಾಡು ಅಂತ ಒಪ್ಪಿದೆ, ಅದನ್ನು ಮಾತ್ರ ಸದ್ಯಕ್ಕೆ ಗುಟ್ಟಾಗಿ ಇಟ್ಟುಕೊಂಡಿದ್ದೇನೆ.

ಮೊದಲ ಗ್ರಾಫ್ ನೋಡಿ ಗೆಳೆಯರು ನಕ್ಕರು. ಮಾಂಟೆರೆಯಲ್ಲಿ ಹಾಡು ರಾತ್ರಿ ಜಾಸ್ತಿ ಅಂತ ಎಲ್ಲರಿಗೂ ಗೊತ್ತು, ನನ್ನದರಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಏರಿತ್ತು. ಎರಡು ದಿನ ಊಟ ಸೇರಲಿಲ್ಲ. ನೋಡಿದರೆ ಫೈಲಿನ ಟೈಮು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರ, ಮಾಂಟೆರೆಯದಲ್ಲ. ಎಂಟು ಗಂಟೆ ಹಿಂದಕ್ಕೆ ಸರಿಸಿದೆ, ಗುಡ್ಡ ಹೋಗಿ ಸರಿಯಾಗಿ ರಾತ್ರಿಯ ಮೇಲೆ ಕೂತಿತು. ಕಿವಿಯಿಂದ ಗುರುತಿಸಿದ ತೊಂಬತ್ತು ಗಂಟೆ ಹಾಡಿನಲ್ಲಿ ಎಂಬತ್ತರ ಹತ್ತಿರ ಸಿಕ್ಕಿತು. ಒಂದು ದಿನದ ಫೈಲಿಗೆ ಈಗ ಚಹಾ ಕುಡಿದು ಬರುವಷ್ಟು ಹೊತ್ತು ಸಾಕು.

ಮಧ್ಯೆ ಒಂದು ಹುಚ್ಚೂ ಆಯಿತು. ನನ್ನದೇ ಹೈಡ್ರೋಫೋನ್ ಮಾಡೋಣ ಅಂತ, ಇಪ್ಪತ್ತು ರೂಪಾಯಿಯ ಪೀಜೋ ಬಿಲ್ಲೆಗೆ (ನಡುಗಿದರೆ ಕರೆಂಟ್ ಕೊಡುವ ಬಿಲ್ಲೆ) ಎಂ-ಸೀಲ್ ಮೆತ್ತಿ, ನಮ್ಮೂರಿನ ‘ಅಪ್ಪನ ಕೆರೆ’ಗೆ ಇಳಿಬಿಟ್ಟೆ. ಕೇಳಿದ್ದು ಪೂರಾ ರಸ್ತೆಯ ಆಟೋ ಸದ್ದು. ಮೊಬೈಲ್ ಕೆರೆಗೆ ಬಿತ್ತೇನೋ ಅಂದುಕೊಂಡು ಒಬ್ಬ ಹುಡುಗ ಉದ್ದ ಕೋಲು ತಂದುಕೊಟ್ಟ.

ನನ್ನ ಕಣ್ಣು ಇರೋದು ಅರಬ್ಬೀ ಸಮುದ್ರದ ಮೇಲೆ. ಇಲ್ಲಿನ ಹಂಪ್‌ಬ್ಯಾಕ್‌ಗಳು ಬೇರೆಯವುಗಳ ಹಾಗೆ ಧ್ರುವದ ಕಡೆ ಹೋಗಲ್ಲ. 1966ರಲ್ಲಿ ಸೋವಿಯತ್ ಹಡಗುಗಳು ಇನ್ನೂರಕ್ಕೂ ಹೆಚ್ಚು ಕೊಂದವು. ಈಗ ಒಮಾನ್ ಕಡೆ ನೂರೂ ಇಲ್ಲ ಅನ್ನುತ್ತಾರೆ. ಹಡಗಿನ ಡಿಕ್ಕಿ, ಮೀನಿನ ಬಲೆ ಎರಡೂ ಜಾಸ್ತಿ ಇರುವ ನೀರು ಅದು. ಎಲ್ಲಿ, ಯಾವ ತಿಂಗಳು ಇರುತ್ತವೆ ಅಂತ ತಿಳಿಯದೆ ಯಾವ ಹಡಗನ್ನು ನಿಧಾನ ಮಾಡಿಸುತ್ತೀರಿ? ಇವುಗಳ ಹಾಡು ಪೆಸಿಫಿಕ್‌ನದಲ್ಲ, ಹಂಪ್‌ಬ್ಯಾಕ್ ಹಾಡು ಸಾಮಾನ್ಯವಾಗಿ ವರ್ಷ ವರ್ಷ ಬದಲಾಗುತ್ತದೆ ಬೇರೆ. ಪೆಸಿಫಿಕ್‌ನಲ್ಲಿ ಕಲಿತ ಮಾಡೆಲ್ ಇಲ್ಲಿ ತಡವರಿಸಬಹುದು. ನನ್ನದಕ್ಕೆ ಯಾವ ಹಾಡಾದರೂ ಒಂದೇ, ಪಲ್ಲವಿಗೆ ಮರಳಿದರೆ ಸಾಕು. ಒಂದು ಕೊರತೆ ಒಪ್ಪುತ್ತೇನೆ: ಹಾಡುವುದು ಗಂಡು ಮಾತ್ರ. 2017ರ ಕೊನೆಗೆ ಒಮಾನಿನಿಂದ ಗೋವಾ ಕಡೆ ಈಜಿ ಬಂದ ಲುಬಾನ್ ಅನ್ನೋ ಹಂಪ್‌ಬ್ಯಾಕ್ ಹೆಣ್ಣು. ಅವಳು ನನ್ನ ಬಲೆಗೆ ಬೀಳುತ್ತಿರಲಿಲ್ಲ.

ಪಶ್ಚಿಮ ಕರಾವಳಿಯ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದ್ದರೆ ಕೊಡಿ. 2 ಕಿಲೋಹರ್ಟ್ಸ್‌ಗೆ ಇಳಿಸಿದರೆ ತಿಂಗಳಿನದು ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಕಲಬುರಗಿಗೇ ತಂದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಊಟ ನನ್ನದು. ಮೇ ತಿಂಗಳು ಬಿಟ್ಟು ಬನ್ನಿ.