ನಮ್ಮನೆ ಗಂಬೊ: ಬೆಂಡೆಕಾಯಿ, ಸಿಗಡಿ, ಏಡಿ

ಬೆಂಡೆಕಾಯಿ ಕೈಗೆ ಬಂದರೆ ನಾವು ಮೊದಲು ಮಾಡುವ ಕೆಲಸ ಏನು ಹೇಳಿ? ತೊಳೆದು, ಬಟ್ಟೆಯಲ್ಲಿ ಒರೆಸಿ, ಚೂರೂ ತೇವ ಇಲ್ಲದ ಮೇಲೆ ಹೆಚ್ಚುವುದು. ಪಲ್ಯಕ್ಕಾದರೆ ಒಂದೆರಡು ಚಮಚ ಮಜ್ಜಿಗೆ, ಗೊಜ್ಜಿಗಾದರೆ ಹುಣಸೆ ರಸ. ಎಲ್ಲ ಲೋಳೆ ಹೋಗಲಿ ಅಂತ. ಗಂಬೊ ಅಂದರೆ ಅಮೆರಿಕದ ಲೂಸಿಯಾನಾ ಕಡೆ ಅನ್ನದ ಜೊತೆ ತಿನ್ನುವ ಗಟ್ಟಿ ಸಾರು. ಅದನ್ನು ಮಾಡುವವರಿಗೆ ಆ ಲೋಳೆ ಬೇಕು. ಆದರೆ ಹಸಿ ಲೋಳೆ ಬೇಡ, ಹದಕ್ಕೆ ಬಂದ ಲೋಳೆ ಬೇಕು. ಇಡೀ ಅಡುಗೆಯ ಕಷ್ಟ ಇರುವುದು ಇಲ್ಲೇ. ಉಳಿದದ್ದೆಲ್ಲ ತಾಳ್ಮೆ ಇದ್ದವರಿಗೆ ಬರುತ್ತದೆ.

ನಾವಿರುವುದು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ. 2004ರಿಂದ ಗಂಬೊ ಈ ರಾಜ್ಯದ ಅಧಿಕೃತ ಅಡುಗೆ. ಅಧಿಕೃತ ಅಂದ ಮಾತ್ರಕ್ಕೆ ಒಂದೇ ವಿಧಾನ ಇದೆ ಅಂದುಕೊಳ್ಳಬೇಡಿ. ಬೆಂಡೆಕಾಯಿ ಇಲ್ಲಿಗೆ ಬಂದದ್ದು ಗುಲಾಮರಾಗಿ ಬಂದ ಆಫ್ರಿಕಾದ ಜನರ ಜೊತೆ. ಹಿಟ್ಟನ್ನು ಕೊಬ್ಬಿನಲ್ಲಿ ಹುರಿಯುವ ‘ರೂ’ ಫ್ರೆಂಚರದು. ಸಾಸಫ್ರಾಸ್ ಮರದ ಎಲೆ ಒಣಗಿಸಿ ಮಾಡುವ ‘ಫೀಲೇ’ ಪುಡಿ ಇಲ್ಲಿನ ಮೂಲನಿವಾಸಿಗಳಾದ ಚಾಕ್ಟಾ ಜನರದು. ನ್ಯೂ ಆರ್ಲಿಯನ್ಸ್ ಕಡೆಯ ಕ್ರಿಯೋಲ್ ಮನೆಗಳಲ್ಲಿ ಟೊಮೆಟೊ ಹಾಕುತ್ತಾರೆ. ಲಾಫಾಯೆಟ್ ಕಡೆಯ ಕೇಜನ್ ಜನರ (ಕೆನಡಾದಿಂದ ಬಂದ ಫ್ರೆಂಚರ ವಂಶದವರು) ಮುಂದೆ ಗಂಬೊಗೆ ಟೊಮೆಟೊ ಅಂದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ನಾನು ಕಲಿತದ್ದು ಪಕ್ಕದ ಮನೆ ಅಜ್ಜಿಯಿಂದ. ಅವರು ನ್ಯೂ ಆರ್ಲಿಯನ್ಸ್‌ನವರು. ಹಾಗಾಗಿ ನನ್ನದು ಟೊಮೆಟೊ ಪಕ್ಷ.

ಎಂಟು ಜನಕ್ಕೆ ಆಗುವಷ್ಟು ಮಾಡುವುದಾದರೆ ಬೆಂಡೆಕಾಯಿ ಒಂದು ಕೆ.ಜಿ. ಬೆರಳುದ್ದದ್ದೇ ಆಗಬೇಕು, ತುದಿ ಮುರಿದರೆ ಟಕ್ ಅನ್ನಬೇಕು. ಬಲಿತ ಕಾಯಿ ಎಷ್ಟು ಬೇಯಿಸಿದರೂ ನಾರು ನಾರಾಗಿಯೇ ಇರುತ್ತದೆ. ಚಳಿಗಾಲದಲ್ಲಿ ಅಂಗಡಿಯ ಬಾಡಿದ ಕಾಯಿಗಿಂತ ಹೆಚ್ಚಿಟ್ಟ ಫ್ರೋಜನ್ ಬೆಂಡೆಕಾಯಿಯೇ ವಾಸಿ. ಪಲ್ಯಕ್ಕೆ ಅದು ಬೇಡ, ಗಂಬೊಗೆ ಧಾರಾಳವಾಗಿ ಆಗುತ್ತದೆ.

ಕಾಲಿಂಚು ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಸ್ಟೀಲ್ ಅಥವಾ ಎನಾಮಲ್ ಪಾತ್ರೆ ಇರಲಿ. ಕಬ್ಬಿಣದ್ದರಲ್ಲಿ ಬೆಂಡೆಕಾಯಿ ಕಪ್ಪಾಗುತ್ತದೆ. ಅಗಲ ತಳದ್ದಾದರೆ ಒಳ್ಳೆಯದು, ನೀರು ಬೇಗ ಆರುತ್ತದೆ. ಕಾಲು ಕಪ್ ಎಣ್ಣೆ ಹಾಕಿ, ಬಿಸಿಯಾದ ಮೇಲೆ ಬೆಂಡೆಕಾಯಿ ಸುರಿದು ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಿರಿ. ಮುಚ್ಚಳ ಮುಚ್ಚಬೇಡಿ. ಮೊದಲ ಹತ್ತು ನಿಮಿಷ ನೋಡಿದರೆ ಹೆದರಿಕೆಯಾಗುತ್ತದೆ. ಸೌಟು ಎತ್ತಿದರೆ ಜೇಡರ ಬಲೆಯ ಹಾಗೆ ಉದ್ದುದ್ದ ಎಳೆ ಬರುತ್ತದೆ. ಅಲ್ಲಿಗೇ ಬಿಡಬೇಡಿ, ನೀರಂತೂ ಹಾಕಲೇಬೇಡಿ. ನೀರು ತಾಗಿದಷ್ಟೂ ಲೋಳೆ ಬಿಟ್ಟುಕೊಳ್ಳುತ್ತದೆ. ಎಣ್ಣೆಯಲ್ಲಿ ಬಾಡಿ, ಕಾಯಿಯ ನೀರು ಆರುತ್ತ ಬಂದರೆ ಎಳೆ ಮೋಟಾಗುತ್ತದೆ.

ಕಾಲು ಗಂಟೆ ಕಳೆದ ಮೇಲೆ ಹೆಚ್ಚಿದ ಟೊಮೆಟೊ ಒಂದು ಕಪ್, ವಿನೆಗರ್ ಒಂದು ಚಮಚ. ಹುಳಿ ಬಿದ್ದರೆ ಲೋಳೆ ಸಡಿಲವಾಗುತ್ತದೆ. ನಮ್ಮ ಗೊಜ್ಜಿನಲ್ಲಿ ಹುಣಸೆ ಮಾಡುವ ಕೆಲಸವೇ ಇದು. ಹುಣಸೆ ಹಾಕಿದರೆ ಆಗುವುದಿಲ್ಲವೇ ಅಂತ ನಮ್ಮವರು ಕೇಳುತ್ತಾರೆ. ಕೆಲಸ ಆಗುತ್ತದೆ, ರುಚಿ ಮಾತ್ರ ಗಂಬೊದ್ದಾಗಿ ಉಳಿಯುವುದಿಲ್ಲ. ಆಮೇಲೆ ಇನ್ನೂ ಇಪ್ಪತ್ತು–ಇಪ್ಪತ್ತೈದು ನಿಮಿಷ. ಹಸಿರು ಬಣ್ಣ ಮಾಸಿ ಕಂದಾಗುತ್ತದೆ, ಬೀಜ ನಸುಗೆಂಪಾಗುತ್ತದೆ, ಪಾತ್ರೆ ತುಂಬ ಇದ್ದದ್ದು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ತಳ ಸ್ವಲ್ಪ ಹಿಡಿದರೆ ಚಿಂತೆಯಿಲ್ಲ, ಮರದ ಸೌಟಿನಿಂದ ಕೆರೆದು ಸೇರಿಸಿ. ಆ ಕಂದು ಕೆರಕಲಲ್ಲೇ ರುಚಿ ಇರುವುದು. ಸೌಟು ಎತ್ತಿದಾಗ ಎಳೆ ಬರದೆ ಮುದ್ದೆಯಾಗಿ ಜಾರಿದರೆ ಹದ ಬಂತು ಅಂತ ಲೆಕ್ಕ. ಲೋಳೆ ಪೂರ್ತಿ ಹೋಗಿರುವುದಿಲ್ಲ. ಉಳಿದದ್ದು ಮುಂದೆ ಸಾರಿನಲ್ಲಿ ಕರಗಿ ಅದಕ್ಕೆ ಮೈ ಕೊಡುತ್ತದೆ.

ಇಲ್ಲಿನ ಹಳೆಯ ಹೆಂಗಸರು ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಡುತ್ತಾರೆ. ಬೆಂಡೆಕಾಯಿ ಬರುವುದು ಬಿಸಿಲುಗಾಲದಲ್ಲಿ. ಗಂಬೊ ತಿನ್ನಬೇಕು ಅನ್ನಿಸುವುದು ಉತ್ತರದಿಂದ ಮೊದಲ ತಣ್ಣನೆ ಗಾಳಿ ಬೀಸಿದ ದಿನ. ‘ಗಂಬೊ ಹವಾ’ ಅಂತಲೇ ಅದಕ್ಕೆ ಹೆಸರು. ಅದಕ್ಕೇ ಜುಲೈ, ಆಗಸ್ಟ್‌ನಲ್ಲಿ ರಾಶಿ ಬೆಂಡೆಕಾಯಿಗೆ ಎಣ್ಣೆ, ಈರುಳ್ಳಿ, ಟೊಮೆಟೊ ಕಲಸಿ ದೊಡ್ಡ ಟ್ರೇಯಲ್ಲಿ ಓವನ್‌ಗೆ ಇಡುತ್ತಾರೆ. 175 ಡಿಗ್ರಿ ಸೆಲ್ಸಿಯಸ್, ಹತ್ತಿರ ಹತ್ತಿರ ಎರಡು ಗಂಟೆ, ಆಗಾಗ ಮಗುಚಿದರೆ ಸಾಕು. ಆರಿದ ಮೇಲೆ ಚೀಲಗಳಲ್ಲಿ ತುಂಬಿ ಫ್ರೀಜರ್‌ಗೆ. ನಾನೂ ಈಗ ಹಾಗೇ ಮಾಡುತ್ತೇನೆ. ಒಲೆ ಮುಂದೆ ನಿಲ್ಲುವುದು ತಪ್ಪುತ್ತದೆ.

ಇನ್ನು ಸಿಗಡಿ. ತಲೆ, ಸಿಪ್ಪೆ ಎಲ್ಲ ಇರುವುದನ್ನೇ ತನ್ನಿ, ಸುಮಾರು ಒಂದು ಕೆ.ಜಿ. ಇಲ್ಲಿ ಗಲ್ಫ್‌ನ (ಅಂದರೆ ಮೆಕ್ಸಿಕೋ ಕೊಲ್ಲಿಯ) ಕಂದು ಸಿಗಡಿ ಬೇಸಿಗೆಯ ಮೊದಲಲ್ಲಿ ಬರುತ್ತದೆ, ಬಿಳಿ ಸಿಗಡಿ ಆಗಸ್ಟ್ ಆದ ಮೇಲೆ. ರಸ್ತೆ ಪಕ್ಕ ಐಸ್ ಪೆಟ್ಟಿಗೆ ಇಟ್ಟುಕೊಂಡು ಮಾರುವವರ ಹತ್ತಿರ ತರುವುದೇ ನನಗೆ ಇಷ್ಟ. ಸೂಪರ್‌ಮಾರ್ಕೆಟ್‌ನ ಚೀಲ ತಿರುಗಿಸಿ ನೋಡಿದರೆ ಎಷ್ಟೋ ಸಲ ‘ಭಾರತದ ಉತ್ಪನ್ನ’ ಅಂತ ಇರುತ್ತದೆ. ಅಮೆರಿಕಕ್ಕೆ ಅತಿ ಹೆಚ್ಚು ಸಿಗಡಿ ಕಳಿಸುವ ದೇಶಗಳಲ್ಲಿ ನಮ್ಮದೂ ಒಂದು ಅಲ್ವಾ! ಊರಿನ ಅಭಿಮಾನ ಇರಲಿ, ಆದರೆ ತಲೆ ತೆಗೆದ ಸಿಗಡಿಯಿಂದ ಸಾರಿಗೆ ಏನೂ ಸಿಗುವುದಿಲ್ಲ. ತಲೆಯೊಳಗಿನ ಕಿತ್ತಳೆ ಬಣ್ಣದ ಕೊಬ್ಬೇ ಮುಖ್ಯ.

ಸಿಗಡಿ ಸುಲಿದು, ಬೆನ್ನಿನ ಕಪ್ಪು ಎಳೆ ತೆಗೆದು ಫ್ರಿಜ್‌ನಲ್ಲಿಡಿ. ತಲೆ, ಸಿಪ್ಪೆಗಳನ್ನು ಚಮಚ ಎಣ್ಣೆಯಲ್ಲಿ ಕೆಂಪಾಗುವ ತನಕ ಹುರಿಯಿರಿ. ಮೂರು ಲೀಟರ್ ನೀರು, ಈರುಳ್ಳಿಯ ತುದಿಗಳು, ಸೆಲರಿ ಎಲೆ, ಒಂದು ಬೇ ಎಲೆ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ. ನೊರೆ ತೆಗೆಯುತ್ತಿರಿ. ಸೋಸುವಾಗ ತಲೆಗಳನ್ನು ಸೌಟಿನಿಂದ ಒತ್ತಿ ಹಿಂಡಿ. ಎರಡೂವರೆ ಲೀಟರ್ ಸಾರು ಬಂದರೆ ಸರಿ. ಇದರ ಬದಲು ಅಂಗಡಿಯ ಸ್ಟಾಕ್ ಕ್ಯೂಬ್ ಹಾಕುವ ಯೋಚನೆ ಬಿಟ್ಟುಬಿಡಿ. ಅದರಲ್ಲಿ ಉಪ್ಪು ಬಿಟ್ಟರೆ ಬೇರೆ ರುಚಿ ಇರುವುದಿಲ್ಲ.

ರೂ ಬಗ್ಗೆ ಇಲ್ಲಿ ಕೊಚ್ಚಿಕೊಳ್ಳುವವರು ಜಾಸ್ತಿ. ಚಾಕೊಲೇಟ್ ಬಣ್ಣ ಬರದಿದ್ದರೆ ಅದು ಗಂಬೊನೇ ಅಲ್ಲ ಅನ್ನುತ್ತಾರೆ. ಕೋಳಿ, ಸಾಸೇಜ್ ಹಾಕುವ ಗಂಬೊಗೆ ಆ ಮಾತು ಸರಿ. ಏಡಿ, ಸಿಗಡಿಗೆ ಅಷ್ಟು ಕಪ್ಪು ರೂ ಹಾಕಿದರೆ ಕಡಲ ರುಚಿ ಮುಚ್ಚಿಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಾನು ತಾಮ್ರದ ಬಣ್ಣಕ್ಕೇ ನಿಲ್ಲಿಸುತ್ತೇನೆ. ಇನ್ನೊಂದು ವಿಷಯ, ಹಿಟ್ಟು ಕಪ್ಪಾದಷ್ಟೂ ಅದರ ಪಿಷ್ಟ ಒಡೆದು ಗಟ್ಟಿ ಮಾಡುವ ಶಕ್ತಿ ಕಡಿಮೆಯಾಗುತ್ತದೆ. ನಮಗೆ ಗಟ್ಟಿ ಮಾಡಲು ಬೆಂಡೆಕಾಯಿ ಇದೆ. ರೂ ಇಲ್ಲಿ ರುಚಿಗೆ ಮಾತ್ರ. ಹಾಗಾಗಿ ಅರ್ಧ ಕಪ್ ಎಣ್ಣೆ, ಅರ್ಧ ಕಪ್ ಮೈದಾ ಸಾಕು.

ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎಣ್ಣೆ ಬಿಸಿ ಮಾಡಿ, ಮೈದಾ ಹಾಕಿ, ಚಪ್ಪಟೆ ತುದಿಯ ಮರದ ಸೌಟಿನಿಂದ ಮೂಲೆ ಮೂಲೆ ಕೆರೆಯುತ್ತ ಕೈಯಾಡಿಸಿ. ತುಪ್ಪ ಅಥವಾ ಬೆಣ್ಣೆ ಬೇಡ, ಬೆಣ್ಣೆ ಬೇಗ ಸೀಯುತ್ತದೆ. ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ಮೊದಲು ಹಸಿ ಹಿಟ್ಟಿನ ವಾಸನೆ, ಆಮೇಲೆ ಹುರಿದ ಶೇಂಗಾದ ಘಮ. ಆ ಘಮ ಬಂದ ಮೇಲೆ ಬಣ್ಣ ನೋಡನೋಡುತ್ತಿದ್ದಂತೆ ತಿರುಗುತ್ತದೆ. ಬಾಗಿಲ ಬೆಲ್ ಆದರೂ ಹೋಗಬಾರದು. “ಬೇಬಿ, ಫೋನು ಆಚೆ ಕೋಣೆಯಲ್ಲಿಟ್ಟು ಬಾ” ಅಂತ ಅಜ್ಜಿ ಮೊದಲೇ ಹೇಳುತ್ತಾರೆ. ಕಪ್ಪು ಚುಕ್ಕಿ ಕಂಡರೆ ಸೀದುಹೋಯಿತು ಅಂತಲೇ. ಚೆಲ್ಲಿ ಹೊಸದಾಗಿ ಶುರು ಮಾಡಬೇಕು. ಕಹಿ ಯಾವ ಮಸಾಲೆಗೂ ಹೋಗುವುದಿಲ್ಲ. ಮಕ್ಕಳನ್ನು ಹತ್ತಿರ ಬಿಡಬೇಡಿ. ಇದು ಮೈಗೆ ಸಿಡಿದರೆ ಅಂಟಿಕೊಂಡು ಸುಡುತ್ತದೆ. ಇಲ್ಲಿನವರು ಇದನ್ನು ‘ಕೇಜನ್ ನೇಪಾಮ್’ (ನೇಪಾಮ್ ಅಂದರೆ ಯುದ್ಧದಲ್ಲಿ ಬಳಸುವ, ಅಂಟಿಕೊಂಡು ಉರಿಯುವ ಬೆಂಕಿ ಅಸ್ತ್ರ) ಅನ್ನುವುದು ಸುಮ್ನೆ ಅಲ್ಲ.

ಬಣ್ಣ ಬಂದ ಕ್ಷಣ ಸಣ್ಣಗೆ ಹೆಚ್ಚಿಟ್ಟ ಎರಡು ದೊಡ್ಡ ಈರುಳ್ಳಿ, ಒಂದು ಹಸಿರು ದೊಣ್ಣೆಮೆಣಸು, ನಾಲ್ಕು ದಂಟು ಸೆಲರಿ ಸುರಿಯಿರಿ. ಈ ಮೂರನ್ನೂ ಸೇರಿಸಿ ಇಲ್ಲಿ ‘ಹೋಲಿ ಟ್ರಿನಿಟಿ’ ಅನ್ನುತ್ತಾರೆ. ಇವು ಬಿದ್ದ ಕೂಡಲೇ ರೂ ತಣ್ಣಗಾಗಿ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ತರಕಾರಿ ಹೆಚ್ಚಿಟ್ಟುಕೊಳ್ಳದೆ ರೂ ಶುರು ಮಾಡಲೇಬೇಡಿ. ಮೆತ್ತಗಾದ ಮೇಲೆ ಆರೆಂಟು ಎಸಳು ಬೆಳ್ಳುಳ್ಳಿ.

ಈಗ ಬಿಸಿ ಸಾರನ್ನು ಸೌಟು ಸೌಟಾಗಿ ಹಾಕಿ ಕಲಸುತ್ತ ಬನ್ನಿ, ಗಂಟಾಗುವುದಿಲ್ಲ. ಬಾಡಿಸಿಟ್ಟ ಬೆಂಡೆಕಾಯಿ, ಎರಡು ಬೇ ಎಲೆ, ಒಣ ಥೈಮ್ ಒಂದು ಚಮಚ, ಕರಿಮೆಣಸಿನ ಪುಡಿ. ಖಾರಕ್ಕೆ ಇಲ್ಲಿನವರು ಕಯೆನ್ ಮೆಣಸಿನ ಪುಡಿ ಹಾಕುತ್ತಾರೆ. ನಾನು ಅರ್ಧ ಕಯೆನ್, ಅರ್ಧ ಬ್ಯಾಡಗಿ ಮೆಣಸಿನ ಪುಡಿ ಹಾಕುತ್ತೇನೆ, ಬಣ್ಣ ಚೆನ್ನಾಗಿ ಬರುತ್ತದೆ. ಅಜ್ಜಿಗೆ ಹೇಳಿಲ್ಲ. ಜೀರಿಗೆ, ಧನಿಯಾ, ಗರಂ ಮಸಾಲೆ ಡಬ್ಬಿಗಳನ್ನು ಮಾತ್ರ ಮುಚ್ಚಿಯೇ ಇಡಿ. ಒಂದು ಚಿಟಿಕೆ ಬಿದ್ದರೂ ಅದು ನಮ್ಮ ಮೀನು ಸಾರಿನ ದಾರಿ ಹಿಡಿಯುತ್ತದೆ.

ಆಂಡೂಯಿ ಅನ್ನುವ ಹೊಗೆ ಹಾಕಿದ ಸಾಸೇಜ್ ಹಾಕುವವರಿದ್ದಾರೆ. ಅದು ಹಂದಿ ಮಾಂಸದ್ದು. ತಿನ್ನದವರು ಟರ್ಕಿ ಕೋಳಿಯದ್ದು ಹಾಕಬಹುದು, ಏನೂ ಹಾಕದಿದ್ದರೂ ಕೊರತೆ ಕಾಣುವುದಿಲ್ಲ.

ಏಡಿ ಮೊದಲೇ ಹೋಗಬೇಕು. ಗಲ್ಫ್‌ನ ನೀಲಿ ಏಡಿ ನಾಲ್ಕು ಇದ್ದರೆ ಸಾಕು. ಬೆನ್ನ ಚಿಪ್ಪು ಎತ್ತಿ, ಒಳಗಿನ ಬೂದು ಬಣ್ಣದ ಕಿವಿರುಗಳನ್ನು ಕಿತ್ತು, ಎರಡು ಹೋಳು ಮಾಡಿ ಸಾರಿಗೆ ಬಿಡಿ. ಇದರಲ್ಲಿ ತಿನ್ನಲು ಮಾಂಸ ಜಾಸ್ತಿ ಸಿಗುವುದಿಲ್ಲ, ಇದು ಸಾರಿನ ರುಚಿಗೆ. ಕರಾವಳಿಯವರಿಗೆ ಬಿಡಿ, ಚೀಪುವುದು ಹೇಳಿಕೊಡಬೇಕಾಗಿಲ್ಲ. ಮುಚ್ಚಳ ಅರ್ಧ ತೆರೆದು ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ಮೇಲೆ ಎಣ್ಣೆ ತೇಲಿ ಬರುತ್ತದೆ, ಬೇಕಾದಷ್ಟು ತೆಗೆಯಿರಿ. ಉಪ್ಪು ಈ ಹೊತ್ತಿಗೆ ನೋಡಿ, ಮೊದಲೇ ಬೇಡ. ಏಡಿಯೂ ಉಪ್ಪು ಬಿಡುತ್ತದೆ.

ಸಿಗಡಿ ಕೊನೆಯ ಐದು ನಿಮಿಷಕ್ಕೆ. ಬೆಂಡೆಕಾಯಿಗೆ ಮುಕ್ಕಾಲು ಗಂಟೆ ನಿಂತವರು ಇಲ್ಲಿ ಐದು ನಿಮಿಷ ಮರೆತರೆ ಎಲ್ಲ ಹೋಯಿತು. ಕುದಿಯುವ ಸಾರಿಗೆ ಸಿಗಡಿ ಹಾಕಿ, ಎರಡು ನಿಮಿಷಕ್ಕೆ ಒಲೆ ಆರಿಸಿ ಮುಚ್ಚಿಡಿ. ಉಳಿದದ್ದು ಆ ಬಿಸಿಯಲ್ಲೇ ಬೇಯುತ್ತದೆ. ಅರ್ಧ ಬಾಗಿದ್ದರೆ ಸರಿಯಾಗಿ ಬೆಂದಿದೆ. ಪೂರ್ತಿ ಸುರುಳಿ ಸುತ್ತಿಕೊಂಡರೆ ಜಗಿಯುತ್ತ ಕೂರಬೇಕು. ಆಯ್ಸ್ಟರ್ ಅನ್ನುವ ಚಿಪ್ಪುಮೀನು ಸಿಕ್ಕರೆ ಅದರ ನೀರಿನ ಸಮೇತ ಸಿಗಡಿಯ ಜೊತೆಗೇ ಹಾಕಿ, ಅಂಚು ಮುದುಡಿದರೆ ಸಾಕು. ಮೇಲೆ ಈರುಳ್ಳಿ ಹೂವು, ಪಾರ್ಸ್ಲಿ.

ಫೀಲೇ ಪುಡಿ ಹಾಕಬೇಕಾ ಅಂತ ಕೇಳುತ್ತಾರೆ. ಬೆಂಡೆಕಾಯಿ ಸಿಗದ ಕಾಲಕ್ಕೆ ಫೀಲೇ ಅನ್ನುವುದು ಹಳೆಯ ಲೆಕ್ಕ. ಎರಡೂ ಗಟ್ಟಿ ಮಾಡುವ ವಸ್ತುಗಳೇ. ರುಚಿಗೆ ಬೇಕು ಅನ್ನುವವರು ಬಟ್ಟಲಿಗೆ ಬಡಿಸಿಕೊಂಡ ಮೇಲೆ ಚಿಟಿಕೆ ಉದುರಿಸಿಕೊಳ್ಳಲಿ. ಒಲೆ ಮೇಲೆ ಹಾಕಿ ಕುದಿಸಿದರೆ ಮತ್ತೆ ಎಳೆ ಎಳೆ ಬರುತ್ತದೆ. ಇಷ್ಟು ಹೊತ್ತು ಪಟ್ಟ ಪಾಡು ನೀರುಪಾಲು.

ಅನ್ನ ಉದ್ದಕ್ಕಿಯದು, ಬಿಡಿ ಬಿಡಿಯಾಗಿರಲಿ. ಬಾಸ್ಮತಿ ಬೇಡ, ಅದರ ಘಮವೇ ಮುಂದಾಗುತ್ತದೆ. ಮನೆಯಲ್ಲಿ ಸೋನಾಮಸೂರಿ ಇದ್ದರೆ ನಡೆಯುತ್ತದೆ. ನಮ್ಮ ಹಾಗೆ ಅನ್ನದ ಗುಡ್ಡ ಮಾಡಿ ಸಾರು ಹಾಕಿಕೊಳ್ಳುವುದಿಲ್ಲ ಇಲ್ಲಿ. ಬಟ್ಟಲ ತುಂಬ ಗಂಬೊ, ನಡುವೆ ಒಂದು ಸಣ್ಣ ಉಂಡೆ ಅನ್ನ. ಪಕ್ಕದಲ್ಲಿ ಆಲೂಗಡ್ಡೆ ಸಲಾಡ್ ಇಡುವ ಪದ್ಧತಿಯೂ ಇದೆ. ಕೆಲವರು ಅದನ್ನು ಬಟ್ಟಲಿಗೇ ಹಾಕಿಕೊಳ್ಳುತ್ತಾರೆ. ನನಗೆ ಇನ್ನೂ ಒಗ್ಗಿಲ್ಲ, ಮಕ್ಕಳಿಗೆ ಅದಿಲ್ಲದೆ ಆಗುವುದಿಲ್ಲ.

ಮಾರನೇ ದಿನ ಗಂಬೊ ಇನ್ನೂ ರುಚಿ. ಆದರೆ ಸಿಗಡಿ ಮತ್ತೆ ಬಿಸಿ ಮಾಡಿದರೆ ಗಟ್ಟಿಯಾಗುತ್ತದೆ. ಅದಕ್ಕೆ ನಾನು ಹಿಂದಿನ ದಿನವೇ ಏಡಿ ಬೇಯುವ ತನಕದ ಕೆಲಸ ಮುಗಿಸಿ ಇಡುತ್ತೇನೆ. ನೆಂಟರು ಕೂತ ಮೇಲೆ ಕುದಿಸಿ ಸಿಗಡಿ ಹಾಕುತ್ತೇನೆ. ಬಿಸಿ ಪಾತ್ರೆಯನ್ನು ಹಾಗೇ ಮುಚ್ಚಿ ರಾತ್ರಿಯಿಡೀ ಕಟ್ಟೆ ಮೇಲೆ ಬಿಡಬೇಡಿ, ಬೆಳಿಗ್ಗೆ ಹುಳಿ ನೊರೆ ಬಂದಿರುತ್ತದೆ. ಅಗಲ ಡಬ್ಬಿಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಫ್ರೀಜರ್‌ನಲ್ಲಾದರೆ ಮೂರು ತಿಂಗಳು ಇರುತ್ತದೆ. ಡಬ್ಬಿಯ ಮೇಲೆ ತಾರೀಖಿನ ಜೊತೆ ‘ಸಿಗಡಿ ಹಾಕಿಲ್ಲ’ ಅಂತಲೂ ಬರೆದಿಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಬರೀ ಬೆಂಡೆಕಾಯಿ ಸಾರು ಅಂತ ಬಿಸಿ ಮಾಡಿ ಉಂಡುಬಿಡುತ್ತಾರೆ.