ಒಂದು ಓಣಿ, ನಾಲ್ಕು ಮಗ್ಗ, ಒಂದು ವರ್ಷ: ಡಾಕ್ಯುಮೆಂಟರಿ ಫೋಟೊ ಕೆಲಸ ಮಾಡುವ ಬಗೆ

ಡಾಕ್ಯುಮೆಂಟರಿ ಫೋಟೊಗ್ರಫಿಗೆ ಇಳಿಯುವವರು ಮೊದಲು ಎಡವುವುದು ವಿಷಯ ಆರಿಸುವಾಗಲೇ. ‘ಕರ್ನಾಟಕದ ನೇಕಾರರು’ ಎಂದು ಹೊರಟರೆ ಹತ್ತು ಊರು ಸುತ್ತಿ, ಹತ್ತೂ ಕಡೆಯಿಂದ ಮಗ್ಗದ ಮುಂದೆ ಕುಳಿತು ಕ್ಯಾಮೆರಾ ನೋಡುವ ಒಂದೇ ಥರದ ಮುಖ ತರುತ್ತೀರಿ. ಅದರ ಬದಲು ‘ಇಳಕಲ್‌ನ ಒಂದು ಓಣಿ, ನಾಲ್ಕು ಮನೆ, ಒಂದು ವರ್ಷ’ ಎಂದು ಗೆರೆ ಹಾಕಿಕೊಳ್ಳಿ. ನಿಮ್ಮ ಊರಿಂದ ಎರಡು–ಮೂರು ತಾಸಿನ ಬಸ್ ದಾರಿಯ ಜಾಗವಾದರೆ ಇನ್ನೂ ಒಳ್ಳೆಯದು. ಈ ಕೆಲಸ ನಿಲ್ಲುವುದು ಮತ್ತೆ ಮತ್ತೆ ಹೋಗುವುದರ ಮೇಲೆ. ವರ್ಷಕ್ಕೆ ಎಂಟು–ಹತ್ತು ಸಲವಾದರೂ ಹೋಗಬೇಕು. ಮೊದಲ ಸಲ ತೆಗೆದದ್ದರಲ್ಲಿ ಕೊನೆಗೆ ಉಳಿಯುವುದು ಒಂದೋ ಎರಡೋ.

ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ನೋಟ್‌ಬುಕ್ ಹಿಡಿದು ಕುಳಿತು, ಯಾವ ಕೆಲಸ ಯಾವ ಹೊತ್ತಿಗೆ, ಯಾರ ಕೈಯಲ್ಲಿ ನಡೆಯುತ್ತದೆ ಎಂದು ಬರೆದುಕೊಳ್ಳಿ. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ (ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳು) ಸೆರಗಿನ ರೇಷ್ಮೆ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ‘ತೋಪ ತೆನಿ’ ಇದೆ. ಆ ಹೊತ್ತಿಗೆ ಅಲ್ಲಿ ಇಲ್ಲದವರಿಗೆ ಸೀರೆಯ ಜೀವಾಳವೇ ತಪ್ಪಿಹೋಗುತ್ತದೆ. ಹಾಗೆಯೇ ಅಡ್ಡ ಎಳೆ ಒಯ್ಯುವ ಲಾಳಿಗೆ ಹಾಕುವ ಕಂಡಿಕೆ (ನೂಲಿನ ಸಣ್ಣ ಸುರುಳಿ) ಸುತ್ತುವುದು ಹೆಚ್ಚಾಗಿ ಹೆಂಗಸರು, ವಯಸ್ಸಾದವರು. ಅವರು ಕೂರುವುದು ಪಡಸಾಲೆಯ ಮೂಲೆಯಲ್ಲಿ. ಮಗ್ಗದ ಕಡೆಗೇ ಲೆನ್ಸ್ ತಿರುಗಿಸಿಕೊಂಡವರ ಚಿತ್ರಗಳಲ್ಲಿ ಈ ಅರ್ಧ ದುಡಿಮೆ ಕಾಣುವುದೇ ಇಲ್ಲ.

ಒಪ್ಪಿಗೆಯನ್ನು ಅವರ ಮಾತಿನಲ್ಲೇ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ: ಚಿತ್ರ ಎಲ್ಲಿ ಬರುತ್ತದೆ, ಹೆಸರು ಹಾಕಬಹುದೇ, ಬೇಡವಾದರೆ ಯಾರಿಗೆ ಹೇಳಬೇಕು. ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲಾಗುವ ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಕಾನೂನು ಮೀರಿ ದುಡಿಮೆಗೆ ಹಚ್ಚಿದ ಮಗು ಕೂಡ ಈ ಲೆಕ್ಕಕ್ಕೆ ಬರುತ್ತದೆ.

ಸಲಕರಣೆ ಸಾದಾ ಸಾಕು. ಒಂದು ಕ್ಯಾಮೆರಾ ಬಾಡಿ, ಎಫ್/2ರ ತನಕ ಬಾಯಿ ತೆರೆದು ಮಂದ ಬೆಳಕಿಗೂ ಒದಗುವ 35 ಎಂಎಂ ಲೆನ್ಸ್, ಎರಡು ಬ್ಯಾಟರಿ, 64 ಜಿಬಿಯ ಎರಡು ಕಾರ್ಡ್. 24 ಮೆಗಾಪಿಕ್ಸೆಲ್ ಇದ್ದರೆ 12×18 ಇಂಚಿನ ಪ್ರಿಂಟಿಗೆ ಧಾರಾಳ. ಜೂಮ್ ಬೇಡ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ದೂರ ನಿಂತು ಎಳೆದುಕೊಂಡ ಮುಖದಲ್ಲಿ ಆ ದೂರ ಕಂಡೇ ಕಾಣುತ್ತದೆ. ಫ್ಲ್ಯಾಶ್ ಮನೆಯಲ್ಲೇ ಬಿಡಿ.

ಕಷ್ಟ ಇರುವುದು ಮನೆಯೊಳಗಿನ ಬೆಳಕಿನಲ್ಲಿ. ಕುಣಿ ಮಗ್ಗದಲ್ಲಿ ನೇಕಾರರ ಕಾಲು ನೆಲದಲ್ಲಿ ತೋಡಿದ ಕುಣಿಯೊಳಗೆ, ಸೊಂಟ ನೆಲದ ಮಟ್ಟಕ್ಕೆ. ನೀವು ನಿಂತು ತೆಗೆದರೆ ನೆತ್ತಿ, ಬೆನ್ನು ಬಿಟ್ಟು ಬೇರೆ ಸಿಗದು. ನೆಲದ ಮೇಲೆ ಕುಳಿತು, ಕಿಟಕಿ ನಿಮ್ಮ ಬಗಲಿಗೆ ಬರುವಂತೆ ಜಾಗ ಹಿಡಿಯಿರಿ. ಕಿಟಕಿ ಫ್ರೇಮಿನೊಳಗೆ ಬಂದರೆ, ಅಥವಾ ಬಿಳಿ ನೂಲಿನ ಹಾಸೇ ತುಂಬಿಕೊಂಡರೆ, ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಮೋಸಹೋಗಿ ಮುಖ ಕಪ್ಪಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಒಂದು ಸ್ಟಾಪ್ ಏರಿಸಿ (ಬೆಳಕು ಎರಡರಷ್ಟಾಗುತ್ತದೆ), ಆಮೇಲೆ ತಿದ್ದಲು ಹೆಚ್ಚು ಅವಕಾಶ ಕೊಡುವ ‘ರಾ’ (RAW) ಫೈಲಿನಲ್ಲಿ ತೆಗೆಯಿರಿ.

ಇನ್ನೊಂದು ಕಾಟ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳದು. ನಮ್ಮ ಕರೆಂಟು 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ವೇಗ ಸೆಕೆಂಡಿನ 1/250, 1/500ಕ್ಕೆ ಹೋದರೆ ಚಿತ್ರಕ್ಕೆ ಅಡ್ಡಪಟ್ಟೆ ಬೀಳುತ್ತದೆ, ಒಂದು ಫ್ರೇಮಿನ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ. ಸೈಲೆಂಟ್ ಮೋಡಿನಲ್ಲಂತೂ ಇನ್ನೂ ಜಾಸ್ತಿ. 1/100 ಅಥವಾ 1/50ಕ್ಕೆ ನಿಲ್ಲಿಸಿ, ಲೆನ್ಸಿನ ಬಾಯಿ ಎಫ್/2.8, ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 1600ರಿಂದ 3200 ಇರಲಿ. 1/50ರಲ್ಲಿ ಇನ್ನೊಂದು ಲಾಭವಿದೆ: ಲಾಳಿ ಗೆರೆಯಾಗಿ ಹರಿಯುತ್ತದೆ, ಮುಖ ನಿಲ್ಲುತ್ತದೆ. ಆದರೆ ಮಗ್ಗದ ಹೊಡೆತಕ್ಕೆ ನೇಕಾರರ ಮೈಯೂ ತೂಗುತ್ತಿರುತ್ತದೆ. ಲಾಳಿ ಆಚೆ ತುದಿ ಮುಟ್ಟಿ, ಹೊಡೆತ ಬೀಳುವ ಮೊದಲು ಅರೆಗಳಿಗೆ ಮೈ ತಡೆಯುತ್ತದಲ್ಲ, ಒತ್ತಬೇಕಾದದ್ದು ಆಗ. ಸದ್ದು ಕೇಳಿಕೊಂಡು ಹತ್ತು ನಿಮಿಷ ಕುಳಿತರೆ ಬೆರಳಿಗೆ ಆ ತಾಳ ಹತ್ತುತ್ತದೆ. ಯಾರಾದರೂ ಕೈ ಬಿಟ್ಟು ಪೋಸ್ ಕೊಟ್ಟರೆ ಒಂದು ತೆಗೆದು ತೋರಿಸಿ, ‘ನಿಮ್ಮ ಕೆಲಸ ನಿಲ್ಲಿಸಬ್ಯಾಡ್ರಿ ಕಾಕಾ’ ಎಂದು ಹೇಳಿ ಕಾಯಿರಿ.

ಅದೇ ದಿನ ರಾತ್ರಿ ಫೈಲುಗಳನ್ನು ಎರಡು ಡಿಸ್ಕಿಗೆ ಹಾಕಿ. ಮೂರನೆಯ ಪ್ರತಿ ಬೇರೆ ಮನೆಯಲ್ಲಿರಲಿ. ಎರಡು ಪ್ರತಿ ಆಗುವ ತನಕ ಕಾರ್ಡ್ ಅಳಿಸಬೇಡಿ. ಬ್ಯಾಟರಿ ಬಹಳ ದಿನ ಹೊರಗಿದ್ದರೆ ಕ್ಯಾಮೆರಾದ ತಾರೀಖು ತಪ್ಪಿರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಶೀರ್ಷಿಕೆ ಬರೆಯುವುದೂ ಅದೇ ರಾತ್ರಿಯ ಕೆಲಸ. ‘ಮಗ್ಗದ ಮುಂದೆ ಮಹಿಳೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹೆಸರು, ವಯಸ್ಸು, ಓಣಿ, ಊರು, ತಾರೀಖು, ಕೈಯಲ್ಲಿ ನಡೆದಿರುವ ಕೆಲಸದ ಹೆಸರು, ಮಗ್ಗ ಸ್ವಂತದ್ದೋ ಕೂಲಿ ನೇಯ್ಗೆಯೋ, ಈ ಸೀರೆಗೆ ಎಷ್ಟು ದಿನ, ಎಷ್ಟು ಕೂಲಿ. ಇಷ್ಟನ್ನೂ ಫೈಲಿನ ಐಪಿಟಿಸಿ ಜಾಗದಲ್ಲೇ (ಫೋಟೊ ಫೈಲಿನೊಳಗೇ ಮಾಹಿತಿ ಬರೆದಿಡುವ ಖಾನೆಗಳು) ತುಂಬಿ. ನೋಟ್‌ಬುಕ್ ಕಳೆದರೂ ಚಿತ್ರದ ಜೊತೆ ಮಾಹಿತಿ ಉಳಿಯುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತದಲ್ಲಿ ಸತ್ತು ಮಣ್ಣಾಗುತ್ತಿದ್ದ ಮಗುವನ್ನು ರಘು ರಾಯ್ ಕಪ್ಪು–ಬಿಳುಪಿನಲ್ಲಿ, ಪಾಬ್ಲೊ ಬಾರ್ಥಲೊಮ್ಯು ಬಣ್ಣದಲ್ಲಿ ತೆಗೆದರು. ಲೋಕವೆಲ್ಲ ಕಂಡ ಆ ಮುಖಕ್ಕೆ ಹೆಸರಿಲ್ಲ. ಅಂಥ ಗಳಿಗೆಯಲ್ಲಿ ಹೆಸರು ಸಿಗದಿರಬಹುದು. ಆರಾಮಾಗಿ ಕುಳಿತು ಮಾತಾಡಿಸುವ ಮನೆಯಲ್ಲಿ ಬರೆದುಕೊಳ್ಳದಿರುವುದಕ್ಕೆ ಕಾರಣವೇ ಇಲ್ಲ. ರಾಯ್ ಅವರು ವರ್ಷಗಳ ಮೇಲೆ ಭೋಪಾಲಕ್ಕೆ ಮರಳಿ ಬದುಕುಳಿದವರನ್ನು ತೆಗೆದರು. ಆ ದುರಂತ ಮುಗಿದಿಲ್ಲ ಎಂಬುದಕ್ಕೆ ಆ ಚಿತ್ರಗಳು ಸಾಕ್ಷಿಯಾದವು.

ವರ್ಷದ ಕೊನೆಗೆ ಎರಡು–ಮೂರು ಸಾವಿರ ಫ್ರೇಮ್ ಕೂಡಿರುತ್ತವೆ. ಇನ್ನೂರಕ್ಕೆ ಇಳಿಸಿ, ಅದರಲ್ಲಿ ಅರವತ್ತನ್ನು 4×6 ಇಂಚಿನಲ್ಲಿ ಪ್ರಿಂಟ್ ಮಾಡಿಸಿ ನೆಲದ ಮೇಲೆ ಹರಡಿ. ಸ್ಕ್ರೀನಿನಲ್ಲಿ ಕಾಣದ ಪುನರಾವರ್ತನೆ ನೆಲದ ಮೇಲೆ ತಟ್ಟನೆ ಕಾಣುತ್ತದೆ. ಕೊನೆಗೆ ಹದಿನೆಂಟು–ಇಪ್ಪತ್ತು ಉಳಿದರೆ ಸಾಕು.

ಇದೊಂದರಿಂದಲೇ ಹೊಟ್ಟೆ ತುಂಬುವುದು ಕಷ್ಟ. ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರೂ ಅಮೆರಿಕದ ‘ಲೈಫ್’ನಂಥ ಪತ್ರಿಕೆಗಳಿಗೆ, ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನೆಗೆ, ಯುನಿಸೆಫ್‌ಗೆ ದುಡಿಯುತ್ತಲೇ ಲೋಕವನ್ನು ನೋಡುವ ತಮ್ಮದೇ ಬಗೆ ಕಾಪಾಡಿಕೊಂಡವರು. ಸಂಸ್ಥೆಗಳ ಕೆಲಸ ಒಪ್ಪುವಾಗ ಕರಾರು ಬರೆಸಿಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಎಲ್ಲಿ, ಎಷ್ಟು ವರ್ಷ ಬಳಸುತ್ತಾರೆ, ಹೆಸರು ಹೇಗೆ ಹಾಕುತ್ತಾರೆ, ಹಕ್ಕು ಯಾರದು ಎಂಬ ನಾಲ್ಕು ಸಾಲು ಒಂದು ಇಮೇಲಿನಲ್ಲಾದರೂ ಇರಲಿ.

ಎರಡನೆಯ ಭೇಟಿಯಿಂದಲೇ ಹಿಂದಿನ ಸಲದ ಪ್ರಿಂಟುಗಳನ್ನು ಒಯ್ದು ಮನೆಮನೆಗೆ ಕೊಡಿ. ಹಿಂಬದಿ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು, ತಾರೀಖು ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ. ಬರೆದ ಹೆಸರು ತಪ್ಪಿದ್ದರೆ ಮನೆಯವರೇ ತಿದ್ದುತ್ತಾರೆ. ಕೂಡಲೇ ನಿಮ್ಮ ಫೈಲಿನಲ್ಲೂ ತಿದ್ದಿಕೊಳ್ಳಿ.